ಓರೆಗಣ್ಣಿನವಳು

“ಗಾಜಿನ ಸಾಮಾನಿನ ಚಿಂತೆ ಬಿಡಿ ಮೇಡಂ, ನನ್ನ ಭಾಮೈದ ಕಟ್ತಾನೆ. ಮನೇಲಿ ಗೊಂಬೆಗಳಿಗೆ ಫ್ರಾಕು ತೊಡಿಸಿ ತೊಡಿಸಿ ಕೈ ಬೆಣ್ಣೆ ಥರ ಆಗ್ಬಿಟ್ಟಿದೆ ಅವನಿಗೆ.”

ಹೀಗೆಂದವನು ನನ್ನ ಭಾವ. ಅಕ್ಕನ ಗಂಡ, ಮನೆ ಸಾಮಾನು ಸಾಗಿಸುವ ಲಾರಿಯ ಯಜಮಾನ, ನನಗೆ ಕೆಲಸವನ್ನೂ ಮಲಗಲು ಸೋಫಾವನ್ನೂ ಕೊಟ್ಟಿರುವ ಮಹಾನುಭಾವ. ಹೇಳಿದ್ದು ಮೂರನೇ ಮಹಡಿಯ ಮೆಟ್ಟಿಲ ತುದಿಯಲ್ಲಿ. ಮನೆ ಖಾಲಿ ಮಾಡುತ್ತಿದ್ದ ರಿಟೈರಾದ ಹೆಡ್‌ಮಿಸ್ಟ್ರೆಸ್ ಅಲ್ಲಿದ್ದರು. ತಮಾಷೆ ನೋಡಲು ಬಾಗಿಲು ತೆರೆದು ನಿಂತ ಎದುರುಮನೆಯ ಗಂಡ ಹೆಂಡತಿ ಇದ್ದರು. ನಮ್ಮ ಡ್ರೈವರ್ ಇದ್ದ. ನನ್ನ ಜೊತೆ ಸಾಮಾನು ಹೊರುವ ದಾಂಡಿಗನೂ ಇದ್ದ. ಈ ದಾಂಡಿಗ ಫ್ರಿಜ್ಜನ್ನು ಒಬ್ಬನೇ ಅಪ್ಪಿಕೊಂಡು ಕೆಳಗಿಳಿಸುತ್ತಾನೆ; ಆದರೆ ಒಂದು ಜೋಕು ಅವನ ತಲೆಗೆ ಹತ್ತಬೇಕಾದರೆ ಎರಡು ಮಹಡಿ ಇಳಿಯಬೇಕು. ಎದುರುಮನೆಯವರು ಅಲ್ಲೇ ನಕ್ಕರು. ದಾಂಡಿಗ ಮೊದಲನೇ ಮಹಡಿ ತಲುಪಿದ ಮೇಲೆ ನಕ್ಕ.

ನಾನು ಉತ್ತರ ಕೊಡದೆ ಬಿಡುವ ಪೈಕಿಯವನಲ್ಲ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟದ್ದೇ ಮೇಷ್ಟರಿಗೆ ಕೊಟ್ಟ ಒಂದು ಉತ್ತರದಿಂದ. ಅದು ಪರೀಕ್ಷೆಯ ಪ್ರಶ್ನೆಗೆ ಕೊಟ್ಟದ್ದಲ್ಲ. ಆಮೇಲೆ ಗುಜರಿ ಅಂಗಡಿ, ಟೈರ್ ಅಂಗಡಿ, ಬೇಕರಿ, ಎಲ್ಲ ಕಡೆಯಿಂದಲೂ ನನ್ನನ್ನು ಕತ್ತು ಹಿಡಿದು ಹೊರಹಾಕಿಸಿದ್ದು ಈ ನಾಲಿಗೆಯೇ.

“ಅವುಗಳ ತಲೇಲಿ ಬಾಚೋಕೆ ಕೂದಲಾದ್ರೂ ಇದೆ ಭಾವ,” ಎಂದೆ. “ನಿಮ್ಮ ತಲೆಗೆ ಒರೆಸೋ ಬಟ್ಟೆ ಸಾಕು.”

ಈ ಸಲ ಹೆಡ್‌ಮಿಸ್ಟ್ರೆಸ್ ಕೂಡ ಕೆಮ್ಮುವಂತೆ ಮಾಡಿ ನಕ್ಕರು. ಭಾವನ ಬೋಳು ತಲೆ ಹಿಂದಿನಿಂದ ಮುಂದಕ್ಕೆ ಕೆಂಪೇರಿತು. ಅವನು ನನ್ನ ಕಾಲರ್ ಹಿಡಿದು ಖಾಲಿ ಅಡುಗೆಮನೆಗೆ ಎಳೆದೊಯ್ದ.

“ಕೇಳಿಸ್ಕೊ. ಗಿರಾಕಿ ಮನೆಯಿಂದ ಒಂದು ಗುಂಡುಸೂಜಿನೂ ಮುಟ್ಟಬಾರದು. ಕಸ ಆದ್ರೂ ಅದು ಅವರದೇ ಕಸ. ಇನ್ನೊಂದು ವಿಷಯ. ಇನ್ನು ಮೇಲೆ ಒಂದೇ ಒಂದು ಗೊಂಬೆ ನನ್ನ ಹೊಸಿಲು ದಾಟಿದ್ರೆ, ಅದೂ ಹೊರಗೆ, ನೀನೂ ಹೊರಗೆ. ಜನ ನನ್ನ ಮುಖ ನೋಡಿ ನಗ್ತಾರೆ.”

“ಅದಕ್ಕೆ ಗೊಂಬೆ ಬೇಕಾಗಿಲ್ಲ” ಎಂದು ಹೇಳಿ ನಾನು ಟೇಪು, ಹಳೇ ಪೇಪರು ಎತ್ತಿಕೊಂಡು ಗಾಜಿನ ಲೋಟ ಸುತ್ತಲು ಕುಳಿತೆ.

ನನ್ನ ಗೊಂಬೆಗಳು ತೊಟ್ಟಿಲಲ್ಲಿ ಮಲಗಿಸಿ ಜೋಗುಳ ಹಾಡುವಂಥವಲ್ಲ. ಗೇಣುದ್ದದ ಹೆಂಗಸರು. ಸೊಂಟ ಸಣ್ಣ, ಕತ್ತು ಉದ್ದ, ಮುಖದಲ್ಲಿ ಧಿಮಾಕು. ನನ್ನ ಅಜ್ಜಿಯ ಕಾಲದಲ್ಲಿ ಫ್ಯಾಷನ್ ತೋರಿಸಲೆಂದೇ ಮಾಡಿದವು. ಮೊದಲನೆಯದು ಸಿಕ್ಕಿದ್ದು ಗುಜರಿ ಅಂಗಡಿಯಲ್ಲಿ, ಪ್ಲಾಸ್ಟಿಕ್ಕನ್ನು ಗಟ್ಟಿ-ಮೆತ್ತಗೆ ಎಂದು ಬೇರ್ಪಡಿಸುವಾಗ. ಅದರ ಕೋಟು ಬಿಚ್ಚಿ ನೋಡಿದರೆ ಒಳಗೆ ರೇಷ್ಮೆಯ ಅಸ್ತರ್! ಚಳಿಯೇ ಆಗದವಳಿಗೆ ಅಸ್ತರ್! ಸಾಸಿವೆಯಷ್ಟು ದಪ್ಪದ ಗುಂಡಿ, ಅದಕ್ಕೆ ನಿಜವಾದ ಕಾಜು. ನನ್ನ ಮೈಮೇಲಿನ ಅಂಗಿಗೆ ಆಗ ಎರಡು ಗುಂಡಿ ಇರಲಿಲ್ಲ. ಯಾವಳೋ ಒಬ್ಬಳು ಎಲ್ಲೋ ಕಾರ್ಖಾನೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ಇದನ್ನು ಹೊಲಿದಿದ್ದಾಳಲ್ಲ, ಯಾರೂ ಒಳಗೆ ತಿರುಗಿಸಿ ನೋಡದ ಬಟ್ಟೆಯನ್ನು ಇಷ್ಟು ನೆಟ್ಟಗೆ ಹೊಲಿದಿದ್ದಾಳಲ್ಲ ಎಂದು ಸಿಟ್ಟೇ ಬಂತು. ನನಗೆ ಯಾವುದಾದರೂ ತುಂಬ ಇಷ್ಟವಾದರೆ ಮೊದಲು ಸಿಟ್ಟೇ ಬರುವುದು.

ಅಂದಿನಿಂದ ಕೂಡಿಹಾಕುತ್ತಿದ್ದೇನೆ. ಎಲ್ಲವೂ ಅಕ್ಕನ ಮಂಚದ ಕೆಳಗಿನ ಟ್ರಂಕಿನಲ್ಲಿವೆ. ಅಕ್ಕ ಬೈಯುತ್ತಾಳೆ. “ನಿನ್ನ ವಯಸ್ಸಿನವರು ನಿಜವಾದ ಹುಡುಗೀರ ಹಿಂದೆ ಬಿದ್ದು ಹಾಳಾಗ್ತಾರೆ, ನೀನು ಅದಕ್ಕೂ ಲಾಯಕ್ಕಿಲ್ಲ” ಎನ್ನುತ್ತಾಳೆ. ಆದರೆ ಯಾವುದಾದರೂ ಫ್ರಾಕಿನ ಪ್ರೆಸ್‌ಬಟನ್ ಕಿತ್ತುಹೋಗಿದ್ದರೆ ಮರುದಿನದೊಳಗೆ ತಾನಾಗಿಯೇ ಕೂತಿರುತ್ತದೆ. ಕೇಳಿದರೆ ತನಗೇನೂ ಗೊತ್ತಿಲ್ಲ ಎನ್ನುತ್ತಾಳೆ.

ಟ್ರಂಕಿನಲ್ಲಿ ಇರುವವರೆಲ್ಲ ನೇರ ನೋಡುವವರು. ಹಲ್ಲು ಕಿರಿದುಕೊಂಡು, ಫೋಟೋ ತೆಗೆಯುತ್ತಾರೆಂದು ಕಾಯುವ ಮುಖದವರು. ನನಗೆ ಬೇಕಾಗಿದ್ದವಳು ಅವರಿಗಿಂತ ಹಳಬಳು. ಕಪ್ಪು ಬಿಳಿ ಚೌಕಳಿ ಕೋಟು, ಹಸಿರು ಟೋಪಿ, ತಾಮ್ರದ ಬಣ್ಣದ ಕೂದಲು, ಕಣ್ಣು ಮಾತ್ರ ಓರೆ. ಪಕ್ಕದಲ್ಲಿ ಯಾರೋ ಏನೋ ಅಂದಿದ್ದಾರೆ, ಅದು ಕೇಳಿಸಿದೆ, ಆದರೆ ಅದಕ್ಕಾಗಿ ಕತ್ತು ತಿರುಗಿಸುವಷ್ಟು ಪುರಸೊತ್ತು ಇಲ್ಲ. ಆ ಥರದ ನೋಟ. ಮೊಬೈಲಿನಲ್ಲಿ ಅವಳ ಫೋಟೋ ನೋಡಿ ನೋಡಿ ಸ್ಕ್ರೀನು ಸವೆಯುವುದೊಂದು ಬಾಕಿ. ಒಮ್ಮೆ ಸಂತೆಯಲ್ಲಿ ಒಬ್ಬ ಕಳ್ಳ ಅವಳೇ ಇವಳು ಎಂದು ತಂದುಕೊಟ್ಟ. ಮನೆಗೆ ತಂದು ಕೋಟು ಬಿಚ್ಚಿದರೆ ತಲೆ ಗೋಧಿ ಬಣ್ಣ, ಮೈ ಗುಲಾಬಿ. ಯಾರದೋ ತಲೆಯನ್ನು ಇನ್ನಾರದೋ ಕತ್ತಿಗೆ ಸಿಕ್ಕಿಸಿದ್ದ. ಅವನಿಗೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಸಾಮಾನೂ ಲಾರಿ ಸೇರಿತು. ಕೊನೆಗೆ ಇಳಿಸಿದ್ದು ಮರದ ಬೀರು. ಅದೊಂದು ಆನೆ. ಮೇಲುಗಡೆ ದಾಂಡಿಗ, ಕೆಳಗೆ ನಾನು, ಹಿಂದೆ ಹಿಂದೆ ಹೆಜ್ಜೆ ಹಾಕುತ್ತ. ಮೆಟ್ಟಿಲಿನ ತಿರುವಿನಲ್ಲಿ ಬೀರುವನ್ನು ಓರೆ ಮಾಡಿ ದಾಟಿಸುವ ಕೆಲಸ ನಮ್ಮಲ್ಲಿ ನನಗೊಬ್ಬನಿಗೇ ಬರುವುದು. ಭಾವ ಅದನ್ನು ಬಾಯಿಬಿಟ್ಟು ಒಪ್ಪಿಕೊಂಡವನಲ್ಲ. ಅವನು ಪಕ್ಕದಲ್ಲಿ ನಿಂತು “ಹುಷಾರು, ಹುಷಾರು” ಎನ್ನುವುದರಲ್ಲಿ ನಿಪುಣ.

ಉಳಿದಿದ್ದು ಎಸೆಯಬೇಕಾದ ಚೀಲಗಳು. ಹೆಡ್‌ಮಿಸ್ಟ್ರೆಸ್ ಅವುಗಳನ್ನು ಬಾಗಿಲ ಬಳಿ ಒಟ್ಟಿದ್ದರು. ಬೆಳಗಿನ ಮಾತು ಇನ್ನೂ ಎದೆಯಲ್ಲಿ ಕುದಿಯುತ್ತಿತ್ತು. ನಾನು ಚೀಲಗಳನ್ನು ಹೊತ್ತು ಬೀದಿಯ ದೊಡ್ಡ ಕಬ್ಬಿಣದ ಕಸದ ತೊಟ್ಟಿಗೆ ಬೀಸಿ ಬೀಸಿ ಎಸೆದೆ. ಪ್ರತಿಯೊಂದು ಚೀಲವೂ ನನ್ನ ಮನಸ್ಸಿನಲ್ಲಿ ಒಂದು ಬೋಳು ತಲೆಯಾಗಿತ್ತು. ಕೊನೆಯ ಚೀಲ ತೊಟ್ಟಿಯ ಅಂಚಿಗೆ ಬಡಿದು ಹರಿಯಿತು.

ಹರಿದ ಕಡೆಯಿಂದ ಒಂದು ಪಾದ ಹೊರಗೆ ಬಂತು. ಕಿರುಬೆರಳಿಗಿಂತ ಸಣ್ಣ ಪಾದ, ಚಪ್ಪಲಿ ಇಲ್ಲದಿದ್ದರೂ ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿದ ಹಾಗೆ ತುದಿಗಾಲಲ್ಲಿ ನಿಂತ ಪಾದ. ಅದರ ಮೇಲೆ ಕಪ್ಪು ಬಿಳಿ ಚೌಕಳಿ ಬಟ್ಟೆಯ ಅಂಚು.

ಆಮೇಲೆ ಚೀಲ ಒಳಗೆ ಜಾರಿತು.

ನಾನೂ ಜಾರಿದೆ. ತಲೆ ಒಳಗೆ, ಸೊಂಟ ಅಂಚಿನ ಮೇಲೆ, ಕಾಲು ಆಕಾಶಕ್ಕೆ. ಕೊಳೆತ ಎಲೆಕೋಸು, ಯಾರದೋ ಹಲ್ಲಿನ ಬ್ರಷ್ಷು, ಹೆಸರಿಡಲಾಗದ ಒಂದು ಲೋಳೆ. ಅವೆಲ್ಲದರ ಮಧ್ಯೆ ಅವಳು ಮಲಗಿದ್ದಳು. ಹಸಿರು ಟೋಪಿ ಇತ್ತು. ತಾಮ್ರದ ಕೂದಲು ಕಿವಿಯ ಬಳಿ ಇಣುಕುತ್ತಿತ್ತು. ಓರೆಗಣ್ಣಿನಲ್ಲಿ ಎಲೆಕೋಸನ್ನು ನೋಡುತ್ತಿದ್ದಳು, ಅದರ ಬಗ್ಗೆ ಮಾತಾಡಲು ಇಷ್ಟವಿಲ್ಲದವಳ ಹಾಗೆ. ಕೋಟಿನ ತುದಿ ತಿರುಗಿಸಿದೆ. ಅಸ್ತರ್ ಇತ್ತು. ಕತ್ತು ನೋಡಿದೆ. ತಲೆಗೂ ಮೈಗೂ ಒಂದೇ ಬಣ್ಣ.

“ಏನೋ ಅದು? ತೊಟ್ಟೀಲಿ ಏನೋ ಮಾಡ್ತಿದೀಯ?”

ತೊಟ್ಟಿಯಿಂದ ಹೊರಬಂದು ತಲೆ ಎತ್ತಿದರೆ ಭಾವ, ಡ್ರೈವರ್, ದಾಂಡಿಗ, ಕೈಚೀಲ ಹಿಡಿದು ಹೊರಟು ನಿಂತ ಹೆಡ್‌ಮಿಸ್ಟ್ರೆಸ್. ಅವರನ್ನು ಬೀಳ್ಕೊಡುವ ನೆಪದಲ್ಲಿ ಎದುರುಮನೆಯ ಜೋಡಿಯೂ ಹಾಜರು.

“ಮೇಡಂ,” ಎಂದೆ, ಗೊಂಬೆಯನ್ನು ಎದೆಗೆ ಅವುಚಿಕೊಂಡು. “ಇದು ನಿಮಗೆ ಬೇಡ ಅಲ್ವಾ? ನಾನು ತಗೊಳ್ಲಾ?”

“ಯಾಕಪ್ಪ?”

ಎಲ್ಲರ ಕಣ್ಣೂ ನನ್ನ ಮೇಲಿತ್ತು. ಬಾಯಿಗೆ ಬಂದ ಸುಳ್ಳನ್ನು ಹೇಳಿಬಿಟ್ಟೆ. “ಅಕ್ಕನ ಮಗಳಿಗೆ. ಗೊಂಬೆ ಅಂದ್ರೆ ಪ್ರಾಣ ಅವಳಿಗೆ.”

ನನ್ನಂಥ ಪೆದ್ದ ಇನ್ನೊಬ್ಬನಿಲ್ಲ. ಅಕ್ಕನ ಮಗಳ ಅಪ್ಪ ಎದುರಿಗೇ ನಿಂತಿದ್ದ!

“ನನ್ನ ಮಗಳಿಗಾ?” ಭಾವ ಸೊಂಟದ ಮೇಲೆ ಕೈ ಇಟ್ಟ. “ನನ್ನ ಮಗಳು ಲಾರಿ ಆಡ್ತಾಳೆ ಕಣೋ! ಗೊಂಬೆ ಕಂಡ್ರೆ ಚಕ್ರದ ಕೆಳಗೆ ಹಾಕ್ತಾಳೆ. ಅವಳಿಗೇನೂ ಬೇಡ ಮೇಡಂ. ಎಸಿ ಅದನ್ನ.”

ಕೈ ತೊಟ್ಟಿಯ ಕಡೆಗೆ ಅರ್ಧ ಹೋಯಿತು. ಹೆಡ್‌ಮಿಸ್ಟ್ರೆಸ್ ಕನ್ನಡಕದ ಮೇಲಿಂದ ನೋಡುತ್ತಿದ್ದರು.

“ಸುಳ್ಳು ಹೇಳೋ ಹುಡುಗರಿಗೆ ಮೊದಲು ಕಿವಿ ಕೆಂಪಾಗುತ್ತೆ,” ಎಂದರು. “ಜೀವಮಾನ ಪೂರ್ತಿ ಅದನ್ನೇ ನೋಡಿದೀನಿ. ಈಗ ಹೇಳು. ಯಾರಿಗೆ?”

“ನನಗೆ,” ಎಂದೆ. ಸಣ್ಣದಾಗಿ ಬಂತು. ಅದಕ್ಕೇ ಸಿಟ್ಟು ಬಂದು ಗಟ್ಟಿಯಾಗಿ ಮತ್ತೊಮ್ಮೆ ಹೇಳಿದೆ. “ನನಗೇ ಬೇಕು! ಇವಳನ್ನ ಎಷ್ಟು ವರ್ಷದಿಂದ ಹುಡುಕ್ತಿದೀನಿ ಗೊತ್ತಾ?”

ಎದುರುಮನೆಯ ಗಂಡ ಮೂಗಿನಲ್ಲಿ ಗೊರಕ್ಕೆಂದ, ಡ್ರೈವರ್ ಸ್ಟೀರಿಂಗ್ ಹಿಡಿದಂತೆ ಹೊಟ್ಟೆ ಹಿಡಿದುಕೊಂಡ.

“ಹುಡುಗಿ ಸಿಕ್ಕಿದ್ಳು ಅನ್ನು! ಮದುವೆ ಯಾವಾಗಪ್ಪ?” ಡ್ರೈವರ್ ಕೇಳಿದ.

ಹೆಡ್‌ಮಿಸ್ಟ್ರೆಸ್ ನಗಲಿಲ್ಲ. ಹತ್ತಿರ ಬಂದು ಗೊಂಬೆಯ ಟೋಪಿಯನ್ನು ಬೆರಳಿನಿಂದ ಎತ್ತಿದರು. ಒಂದು ಕಡೆ ತಾಮ್ರದ ಜೊಂಪೆ, ಇನ್ನೊಂದು ಕಡೆ ಕುರಿ ಮೇಯ್ದ ಹಾಗೆ. ಕಿವಿಯಲ್ಲಿ ಗುಂಡುಸೂಜಿಯ ಓಲೆ, ಅದರ ಸುತ್ತ ಪಾಚಿಯಂತೆ ಕಿಲುಬಿನ ಹಸಿರು ಕಲೆ.

“ಅಯ್ಯೋ, ಯಾವ ರಾಕ್ಷಸಿ ಮಾಡಿದ್ದು ಇದನ್ನ?”

“ನಾನೇ,” ಎಂದರು. “ಕತ್ತರಿಸಿದ್ರೆ ಮತ್ತೆ ಬೆಳೆಯುತ್ತೆ ಅಂದ್ಕೊಂಡಿದ್ದೆ.”

“ಬೆಳೀತಾ?”

“ಇವಳಿಗೆ ಟೋಪಿ ಯಾಕೆ ಹಾಕಿದೀನಿ ಅಂದ್ಕೊಂಡೆ?”

“ಹಂಗಾದ್ರೆ ನಮ್ಮ ಯಜಮಾನ್ರಿಗೂ ಒಂದು ಕೊಡಿಸಿ ಮೇಡಂ,” ಎಂದ ಡ್ರೈವರ್.

ಹೆಡ್‌ಮಿಸ್ಟ್ರೆಸ್ ಟೋಪಿಯನ್ನು ಮತ್ತೆ ಸರಿಯಾಗಿ ಕೂರಿಸಿದರು. “ಇಟ್ಕೊ. ಮೂಲೇಲಿ ಬಿದ್ದಿದ್ಳು, ಕರ್ಕೊಂಡು ಹೋಗೋಕೆ ಹೊಸ ಮನೇಲಿ ಜಾಗ ಇಲ್ಲ ಅಂತ ಹಾಕಿದೆ. ಆ ಓಲೆ ತೆಗಿ. ನನ್ನ ಕೈಲಿ ಆಗ್ತಿರಲಿಲ್ಲ.” ಅಷ್ಟು ಹೇಳಿ ತಮ್ಮನ್ನು ಕರೆದೊಯ್ಯಲು ಬಂದ ಕಾರಿನತ್ತ ನಡೆದರು. ಹಿಂದಿರುಗಿ ನೋಡಲಿಲ್ಲ.

ಕಾರು ತಿರುವು ದಾಟಿದ್ದೇ ತಡ, ಭಾವ ಬಾಯಿ ತೆರೆದ.

“ತೊಟ್ಟಿಗೆ ಹಾಕು. ಈಗಲೇ. ನನ್ನ ಮರ್ಯಾದೆ ಬೀದೀಲಿ ಹರಾಜು ಹಾಕಿದೀಯ, ಗಂಡಸಾಗಿ ಹುಟ್ಟಿ! ಅದು ಕೈಲಿದ್ರೆ ಲಾರಿನೂ ಹತ್ತಬೇಡ, ನನ್ನ ಮನೆಗೂ ಬರಬೇಡ. ಏನಂತೀಯ, ಹೇಳು!”

ಹೇಳಲು ಬೇಕಾದಷ್ಟಿತ್ತು. ಅವನ ಗೊರಕೆಗೆ ಪಕ್ಕದ ಮನೆಯ ನಾಯಿ ಊಳಿಡುತ್ತದೆಂಬುದು ಇತ್ತು. ಅವನು ಕನ್ನಡಿ ಮುಂದೆ ಹೊಟ್ಟೆ ಒಳಗೆ ಎಳೆದು ಅಕ್ಕನನ್ನು ಕರೆದು ತೋರಿಸುವುದಿತ್ತು. ಬೋಳಿಗೆ ಹಚ್ಚುವ ಎಣ್ಣೆಯ ಸೀಸೆ ಎಲ್ಲಿ ಬಚ್ಚಿಟ್ಟಿದ್ದಾನೆಂಬುದಿತ್ತು. ಎಲ್ಲ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತಿದ್ದವು, ಬಾಗಿಲು ತೆರೆಯುವುದನ್ನು ಕಾಯುತ್ತ. ರಾತ್ರಿ ಎಲ್ಲಿ ಮಲಗಬೇಕೆಂಬುದಕ್ಕೆ ಮಾತ್ರ ನನ್ನ ಹತ್ತಿರ ಏನೂ ಇರಲಿಲ್ಲ.

ಕೈಯಲ್ಲಿದ್ದವಳನ್ನು ನೋಡಿದೆ. ಭಾವ ನಿಂತ ಕಡೆಗೇ ಅವಳ ಕಣ್ಣಿತ್ತು. ಕತ್ತು ಮಾತ್ರ ಅಲುಗಿಸಿರಲಿಲ್ಲ.

ಅವಳ ಕೋಟಿನ ಮೇಲಿನ ಗುಂಡಿ ಬಿಚ್ಚಿಹೋಗಿತ್ತು. ಹಾಕಿದೆ. ದಪ್ಪ ಬೆರಳಿಗೆ ಅದು ಸುಲಭದ ಕೆಲಸವಲ್ಲ. ಎಲ್ಲರೂ ನೋಡುತ್ತ ನಿಂತಿದ್ದರು. ಆಮೇಲೆ ಚೀಲಕ್ಕೂ ಹಾಕದೆ, ಅಂಗಿಯೊಳಗೂ ಬಚ್ಚಿಡದೆ, ಕೈಯಲ್ಲೇ ಹಿಡಿದು ಬೀದಿಯ ನಡುವೆ ಹೊರಟೆ.

“ಏಯ್! ಗೊಂಬೆ ಗಂಡ! ನಿನಗೇ ಹೇಳ್ತಿರೋದು!”

ಔಷಧಿ ಅಂಗಡಿ ದಾಟಿದೆ. ಸೈಕಲ್ ರಿಪೇರಿಯವನು ಪಂಪು ನಿಲ್ಲಿಸಿ ನೋಡಿದ.

“ಏಯ್, ಬಾರೋ ಇಲ್ಲಿ!” ದನಿ ಬದಲಾಗಿತ್ತು. “ಆ ಬೀರು ಹೊಸ ಮನೇಲಿ ಇಳಿಸೋರ್ಯಾರೋ? ಅಲ್ಲೂ ಮೆಟ್ಟಿಲಿದೆಯಂತೆ ಕಣೋ! ತಿರುವಿದೆಯಂತೆ!”

ಅಷ್ಟರಲ್ಲಿ ದಾಂಡಿಗ ಬಿದ್ದು ಬಿದ್ದು ನಗತೊಡಗಿದ್ದು ಕೇಳಿಸಿತು. ಟೋಪಿಯ ಜೋಕು ಅವನಿಗೆ ಆಗಷ್ಟೇ ತಲುಪಿತ್ತು. ಭಾವ ಅವನ ಮೇಲೆ ಹರಿಹಾಯ್ದ, ಆಮೇಲೆ ನನ್ನನ್ನು ಮತ್ತೆ ಕೂಗಿದ, ಈ ಸಲ ಹೆಸರು ಹಿಡಿದು.

ನಾನು ನಡೆಯುತ್ತಲೇ ಇದ್ದೆ.