ಏಣಿ ಹತ್ತಬಲ್ಲವರು ಮಾತ್ರ

ಬಸ್ ಡಿಪೋದ ಬಿಡಿಭಾಗಗಳ ಸ್ಟೋರಿನ ಬಾಗಿಲು ತೆರೆಯುವುದು ಬೆಳಗ್ಗೆ ಎಂಟಕ್ಕೆ. ಸ್ಟೋರಿನ ಯಜಮಾನರ ಬಾಯಿ ತೆರೆಯುವುದು ಮಾತ್ರ ಏಳೂವರೆಗೇ. "ಮುಟ್ಟಬೇಡಿ. ಏನು ಬೇಕು ಕೇಳಿ, ಕೊಡ್ತೀನಿ" ಎನ್ನುವುದು ಮೆಕ್ಯಾನಿಕ್‌ಗಳಿಗೆ ಅವರ ದಿನದ ಮೊದಲ ಮಾತು. ಮೂವತ್ತೊಂದು ವರ್ಷಗಳಿಂದ ಆ ಗೋದಾಮಿನಲ್ಲಿ ಅವರ ಅಪ್ಪಣೆಯಿಲ್ಲದೆ ಒಂದು ಬೋಲ್ಟು ಕೂಡ ಜಾಗ ಬದಲಿಸಿದ್ದಿಲ್ಲ.

ಈ ತಿಂಗಳ ಕೊನೆಗೆ ಅವರ ನಿವೃತ್ತಿ. ಆ ಜಾಗಕ್ಕೆ ಬಂದಿದ್ದವರು ಇಬ್ಬರೇ. ಒಬ್ಬಾತನ ಕೈಗೆ ಬೇರಿಂಗು ಕೊಟ್ಟರೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಇದರ ಮುಚ್ಚಳ ಎಲ್ಲಿ ಎಂದು ಕೇಳಿದ್ದ. ಇನ್ನೊಬ್ಬಾಕೆ ಸೈನ್ಯದ ಸರಬರಾಜು ವಿಭಾಗದಲ್ಲಿ ಹದಿನಾಲ್ಕು ವರ್ಷ ದುಡಿದು ಬಂದವಳು. ಗೋದಾಮಿನಲ್ಲಿ ಒಂದು ಸುತ್ತು ಹಾಕುವಷ್ಟರಲ್ಲಿ, "ಸಾರ್, ಒಂದೇ ಫಿಲ್ಟರ್ ಎರಡು ಕಡೆ ಇಟ್ಟಿದ್ದೀರಲ್ಲ, ಬೇಕಂತಲೇನಾ?" ಎಂದು ಕೇಳಿದಳು. ಯಜಮಾನರಿಗೆ ಮುಜುಗರವಾಯಿತು, ಒಳಗೊಳಗೇ ಖುಷಿಯೂ ಆಯಿತು. ತನ್ನ ಜಾತಿಯವಳೊಬ್ಬಳು ಸಿಕ್ಕಳಲ್ಲ ಎನ್ನಿಸಿತು, ಅಂದರೆ ಸಾಮಾನು ಎಣಿಸದೆ ನಿದ್ದೆ ಬಾರದವರ ಜಾತಿ.

ಆದರೆ ಆಕೆಯ ಎಡಗಾಲು ಮೊಣಕಾಲಿನ ಕೆಳಗೆ ಕೃತಕದ್ದು. ನೇಮಕಾತಿ ಪ್ರಕಟಣೆಯಲ್ಲಿ ಯಜಮಾನರೇ ಬರೆಸಿದ್ದ ನಾಲ್ಕನೆಯ ಷರತ್ತು ಹೀಗಿತ್ತು: 'ಹನ್ನೆರಡು ಅಡಿ ಏಣಿ ಹತ್ತಿ ಇಳಿಯಬಲ್ಲವರು ಮಾತ್ರ.'

"ನೋಡಮ್ಮ, ನಿನ್ನ ಕೆಲಸದ ಬಗ್ಗೆ ನನಗೆ ಎರಡು ಮಾತಿಲ್ಲ," ಎಂದರು ಯಜಮಾನರು. "ಆದ್ರೆ ನಾಳೆ ಏಣಿ ಮೇಲಿಂದ ನೀನು ಬಿದ್ರೆ ಆ ಪಾಪ ಯಾರಿಗೆ? ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

"ಇದು ನನ್ನ ಐದನೇ ಸಂದರ್ಶನ ಸಾರ್. ಎಲ್ಲಾ ಕಡೆನೂ ನನ್ನ ಒಳ್ಳೇದಕ್ಕೇ ಹೇಳಿ ಮನೆಗೆ ಕಳಿಸಿದ್ದಾರೆ," ಎಂದಳು ಆಕೆ. ದನಿ ಏರಿಸಲಿಲ್ಲ. "ಕೆಲಸಕ್ಕೆ ನಿಜವಾಗ್ಲೂ ಬೇಕಿಲ್ಲದ ಷರತ್ತು ಹಾಕಿ ಯಾರನ್ನೂ ದೂರ ಇಡಬಾರದು ಅಂತ ಕಾನೂನಿದೆ."

"ಕಾನೂನು ತೋರಿಸಿ ಹೆದರಿಸ್ತೀಯಾ?"

"ಇಲ್ಲ ಸಾರ್. ದೂರು ಕೊಟ್ರೆ ದೂರಿನ ಹಿಂದೆ ಅಲೀಬೇಕು. ನನಗೆ ಬೇಕಿರೋದು ಕೆಲಸ. ಈ ಏಣಿ ಹತ್ತೋ ಕೆಲಸ ದಿನಕ್ಕೆ ಎಷ್ಟು ಸಲ ಬೀಳುತ್ತೆ, ಅದನ್ನಷ್ಟೇ ಹೇಳಿ."

"ಬೀಳುತ್ತೆ, ಬೀಳುತ್ತೆ," ಎಂದು ಯಜಮಾನರು ಮಾತು ಮುಗಿಸಿದರು. ಮರುದಿನ ಮಧ್ಯಾಹ್ನದೊಳಗೆ ಅವರು ಮ್ಯಾನೇಜರಿಗೆ ಒಂದು ಹೆಸರು ಕೊಡಬೇಕಿತ್ತು.

ಸಂಜೆ ಮನೆಯಲ್ಲಿ ಕಾಫಿ ಕುಡಿಯುತ್ತ ಹೆಂಡತಿಗೆ ಎಲ್ಲವನ್ನೂ ಹೇಳಿದರು. ಆಯಮ್ಮ ಲೋಟ ಕೆಳಗಿಟ್ಟು ನಕ್ಕೇ ನಕ್ಕಳು.

"ರೀ, ನೀವು ಏಣಿ ಹತ್ತಿ ಎಷ್ಟು ವರ್ಷ ಆಯ್ತು? ಮಂಡಿನೋವು ಅಂತ ಮನೇಲಿ ಬಲ್ಬ್ ಹಾಕೋಕೂ ನನ್ನನ್ನೇ ಸ್ಟೂಲ್ ಹತ್ತಿಸ್ತೀರಿ!"

"ಅದು ಬೇರೆ, ಇದು ಬೇರೆ," ಎಂದರು ಯಜಮಾನರು. ಹೇಗೆ ಬೇರೆ ಎಂದು ಆಕೆ ಕೇಳದೇ ಇದ್ದದ್ದು ಅವರ ಪುಣ್ಯ. ಆದರೂ ಆ ಮಾತು ತಲೆಯೊಳಗೆ ಹೊಕ್ಕು ಕೊರೆಯತೊಡಗಿತು. ಹೌದು, ಮೇಲಿನಿಂದ ಏನಾದರೂ ಬೇಕಾದರೆ ಕೇಳಲು ಬಂದ ಮೆಕ್ಯಾನಿಕ್ಕೇ ಹತ್ತಿ ಇಳಿಸಿಕೊಳ್ಳುತ್ತಿದ್ದ. ಇವರು ಕೆಳಗೆ ನಿಂತು "ಎಡಕ್ಕೆ, ಇನ್ನೂ ಎಡಕ್ಕೆ" ಎನ್ನುತ್ತಿದ್ದರು.

ಮರುದಿನ ಯಾರೂ ಬರುವ ಮೊದಲೇ ಗೋದಾಮಿಗೆ ಹೋಗಿ ಏಣಿ ಹತ್ತಿದರು. ಹತ್ತಲಾರೆ ಎಂಬ ಅನುಮಾನವನ್ನು ಹೆಂಡತಿ ಹುಟ್ಟಿಸಿದ್ದಳಲ್ಲ, ಅದಕ್ಕೆ. ಏದುಸಿರು ಬಿಡುತ್ತ ಕಡೆಯ ಮೆಟ್ಟಿಲು ಮುಟ್ಟಿ ಪೆಟ್ಟಿಗೆಗಳ ಧೂಳು ಒರೆಸಿದರೆ, ಮೇಲಿದ್ದುದೆಲ್ಲ ಉದ್ದ ಮೂಗಿನ ಹಳೆಯ ಬಸ್ಸುಗಳ ಸಾಮಾನು. ಆ ಬಸ್ಸುಗಳನ್ನು ಗುಜರಿಗೆ ಹಾಕಿದ್ದು ಮಗಳ ಮದುವೆಗೂ ಮೊದಲು. ಈಗ ಮೊಮ್ಮಗಳು ಎಂಟನೇ ತರಗತಿ. ಅಷ್ಟು ಸಾಮಾನಿನ ನಡುವೆ ಬೇಕಾದದ್ದು ಬಲ್ಬುಗಳ ಎರಡು ಪೆಟ್ಟಿಗೆ ಮಾತ್ರ. ಅವೂ ಮೇಲೇರಿದ್ದು ಕೆಳಗೆ ಯಜಮಾನರ ಹಳೆಯ ಕ್ಯಾಲೆಂಡರುಗಳಿಗೆ ಜಾಗ ಬೇಕಾಗಿ. ಯಾರಿಗೂ ಬೇಡವಾದ ಈ ಗುಜರಿಯನ್ನು ಕಾಯುವುದಕ್ಕೆ ಒಬ್ಬಾಕೆಯ ಅನ್ನಕ್ಕೆ ಅಡ್ಡ ನಿಂತೆನಲ್ಲ ಎಂದು ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು.

ಇಳಿಯಲು ನೋಡಿದರೆ ಮಂಡಿಗಳು ಒಪ್ಪಲಿಲ್ಲ. ಎಂಟು ಗಂಟೆಗೆ ಬಂದ ಮೀಸೆ ಮೆಕ್ಯಾನಿಕ್ ತಲೆಯೆತ್ತಿ ನೋಡಿದ.

"ಸಾರ್, ಅಲ್ಲೇನು ಮಾಡ್ತಿದ್ದೀರಾ?"

"ಸ್ಟಾಕ್ ನೋಡ್ತಿದ್ದೀನಿ."

"ಇಳೀತೀರಾ?"

"ಅದನ್ನೂ ನೋಡ್ತಿದ್ದೀನಿ ಕಣಯ್ಯ!"

ಮೀಸೆಯವನು ಮತ್ತೊಬ್ಬನನ್ನು ಕರೆದು, ಇಬ್ಬರೂ ಸೇರಿ ಅವರನ್ನು ಒಂದೊಂದೇ ಮೆಟ್ಟಿಲು ಇಳಿಸಿದರು.

ಹನ್ನೊಂದು ಗಂಟೆಗೆ ಯಜಮಾನರು ಮ್ಯಾನೇಜರ ಮುಂದೆ ಕೂತು, ಪ್ರಕಟಣೆಯ ನಾಲ್ಕನೆಯ ಷರತ್ತಿಗೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದರು. ಸೈನ್ಯದಿಂದ ಬಂದಾಕೆಯ ಅರ್ಜಿಯನ್ನು ಮುಂದಿಟ್ಟರು.

"ಈಗ ಷರತ್ತು ತೆಗೆದ್ರೆ ಆಕೆಗೊಬ್ಬಳಿಗೆ ರಿಯಾಯಿತಿ ಕೊಟ್ಟ ಹಾಗಾಗಲ್ವಾ?" ಎಂದರು ಮ್ಯಾನೇಜರು. ಕೇಳಬೇಕಾದ ಪ್ರಶ್ನೆಯೇ. "ನಾಳೆ ಯಾರಾದ್ರೂ ಕೇಳಿದ್ರೆ ನಾನೇನು ಹೇಳ್ಲಿ?"

"ನನ್ನ ಹೆಸರು ಹೇಳಿ ಸಾರ್. ನಾನು ಏಣಿ ಹತ್ತಿ ಹನ್ನೊಂದು ವರ್ಷ ಆಗಿತ್ತು. ಅಷ್ಟೂ ವರ್ಷ ಬೇರೆಯೋರೇ ಹತ್ತಿ ಇಳಿಸಿಕೊಟ್ರು. ನನ್ನನ್ನ ಕೆಲಸಕ್ಕೆ ಅಯೋಗ್ಯ ಅಂತ ಯಾರೂ ಅನ್ಲಿಲ್ಲ. ಸಂಬಳ ಹಿಡೀಲಿಲ್ಲ. ಅದನ್ನ ರಿಯಾಯಿತಿ ಅಂತಾನೂ ಕರೀಲಿಲ್ಲ."

ಮ್ಯಾನೇಜರು ನಗುತ್ತ ಪೆನ್ನಿನ ಮುಚ್ಚಳ ತೆಗೆದರು.

ಸೋಮವಾರ ಆಕೆ ಕೆಲಸಕ್ಕೆ ಬಂದಳು. ಅಷ್ಟರಲ್ಲಿ ಹಳೆಯ ಬಸ್ಸುಗಳ ಸಾಮಾನು ಗುಜರಿ ಲಾರಿ ಹತ್ತಿತ್ತು, ಕ್ಯಾಲೆಂಡರುಗಳೂ ಅದರ ಹಿಂದೆಯೇ ಹೋಗಿದ್ದವು. ಮೆಕ್ಯಾನಿಕ್‌ಗಳು ಮೊದಲ ದಿನವೇ "ಅಕ್ಕಾ" ಎಂದು ಕರೆಯತೊಡಗಿದರು. ಆಕೆ ಗೋದಾಮಿನ ನಡುವೆ ನಿಂತು ಸುತ್ತಲೂ ನೋಡಿ, ಹೇಳಲೋ ಬೇಡವೋ ಎಂಬಂತೆ ಅನುಮಾನಿಸಿದಳು.

"ಸಾರ್, ದಿನಾ ಕೇಳೋ ಸಾಮಾನೆಲ್ಲ ಬಾಗಿಲ ಹತ್ತಿರ ಬಂದ್ರೆ ಎಲ್ರಿಗೂ ಸುಲಭ ಅಲ್ವಾ? ನೀವು ಇಟ್ಟ ಜಾಗ ಬದಲಿಸೋದು ಅಂದ್ರೆ..."

ಮೀಸೆ ಮೆಕ್ಯಾನಿಕ್ ಎರಡು ಹೆಜ್ಜೆ ಹಿಂದೆ ಸರಿದ, ಈಗ ಸಿಡಿಲು ಬಡಿಯುತ್ತದೆ ಎಂದು. ಯಜಮಾನರ ಬಾಯಿ ತೆರೆಯಿತು, ಮುಚ್ಚಿತು. ಆಮೇಲೆ ಅವರು ಬಲ್ಬಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಆಕೆಯ ಮುಂದೆ ಬಂದು ನಿಂತರು.

"ಎಲ್ಲಿಡ್ಲಿ, ಹೇಳಮ್ಮ."