ಮೂಲೆಯ ಮಂಚ

ಹೊಸ ಮಂಚ, ಹಾಸಿಗೆ ಅಂದರೆ ಆಸ್ಪತ್ರೆ ಕಟ್ಟಡದ ಎರಡು ತಿಂಗಳ ಬಾಡಿಗೆಯಷ್ಟು ಖರ್ಚು. ಡಾಕ್ಟರಮ್ಮನ ಕೈಯಲ್ಲಿ ಅಷ್ಟಿರಲಿಲ್ಲ. ಸರ್ಕಾರದ ಆರೋಗ್ಯ ವಿಮೆ ಯೋಜನೆಗೆ ಅವರ ಪುಟ್ಟ ಆಸ್ಪತ್ರೆ ಸೇರಬೇಕಾದರೆ ಹತ್ತು ಮಂಚ ಬೇಕು. ಇದ್ದದ್ದು ಒಂಬತ್ತು, ಜೊತೆಗೆ ಡಾಕ್ಟರಾಗಿದ್ದ ಗಂಡ ತೀರಿಕೊಂಡ ಮೂಲೆಯ ಮಂಚ. ಅದನ್ನು ಅವರು ಯಾವ ರೋಗಿಗೂ ಕೊಟ್ಟಿರಲಿಲ್ಲ. ಆದರೂ ಸಂಜೆ ಹಾಸಿದ ಬಿಳಿ ಚಾದರ ಬೆಳಗ್ಗೆ ಯಾರೋ ಮಲಗೆದ್ದಂತೆ ಸುಕ್ಕಾಗಿರುತ್ತಿತ್ತು.

ತಪಾಸಣೆಗೆ ಬಂದ ಅಧಿಕಾರಿ ಅದರ ಮೇಲೆ ಕೈಯಿಟ್ಟವನು ತಟ್ಟನೆ ಹಿಂದೆಗೆದ. "ಇಲ್ಲಿ ಯಾರು ಮಲಗಿದ್ರು ಮೇಡಂ? ಬೆಚ್ಚಗಿದೆಯಲ್ಲ!"

"ನಮ್ಮ ದೊಡ್ಡ ಡಾಕ್ಟ್ರು ಸ್ವಾಮಿ. ಬಿಲ್ ಕಟ್ಟೋ ಗಿರಾಕಿಯಲ್ಲ," ಎಂದಳು ಆಯಾ.

"ತಮಾಷೆ ಸಾಕಮ್ಮಾ. ಹತ್ತನೇದು ಅಂತ ಬರ್ಕೊಳ್ಳೋಕೆ ಮಂಚ ಖಾಲಿ ಇರ್ಬೇಕು. ಇದೆಯಾ, ಇಲ್ವಾ? ಮೇಡಮ್ಮೇ ಹೇಳ್ಲಿ."

ಡಾಕ್ಟರಮ್ಮ ಬಾಗಿಲಾಚೆ ನೋಡಿದರು. ವಿಮೆ ಕಾರ್ಡು ಹಿಡಿದ ಬಸುರಿಯರು ಕಾಯುತ್ತಿದ್ದರು.

"ಖಾಲಿ," ಎಂದರು.

ಮಾರನೆಯ ಬೆಳಗ್ಗೆ ಚಾದರದಲ್ಲಿ ಒಂದು ಸುಕ್ಕೂ ಇರಲಿಲ್ಲ. ಆಸ್ಪತ್ರೆಗೆ ಮಾನ್ಯತೆ ಸಿಕ್ಕಿತು. ದೊಡ್ಡ ಡಾಕ್ಟರು ಮತ್ತೆ ಬರಲಿಲ್ಲ.