ಎದುರು ನಿಂತವಳು

ಅವತ್ತು ಬೆಳಿಗ್ಗೆ ಅಕ್ಕ ಬಿಸಿನೀರು ತಂದುಕೊಟ್ಟಾಗಲೇ ಇದರಲ್ಲೇನೋ ಮಸಲತ್ತಿದೆ ಅನ್ನಿಸಿತು. ನಮ್ಮಕ್ಕ ಯಾರಿಗಾದರೂ ಏನಾದರೂ ತಂದುಕೊಡುವ ಪೈಕಿಯಲ್ಲ. ಕೂತಲ್ಲಿಂದಲೇ ಕೈ ಚಾಚುವ ಪೈಕಿ. ಅಂಥವಳು ಲೋಟಕ್ಕೆ ಬಟ್ಟೆ ಸುತ್ತಿ, ಊದಿ ಊದಿ ಹದ ಮಾಡಿ ನನ್ನ ಮೂಗಿನ ಕೆಳಗೆ ಹಿಡಿದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ?

“ಕುಡಿಯೇ, ಗಂಟಲು ಸಡಿಲ ಆಗುತ್ತೆ,” ಅಂದಳು.

“ಇಡು, ಕುಡಿತೀನಿ.”

ಅವಳು ತಲೆ ಬಾಚಲು ಒಳಗೆ ಹೋದದ್ದೇ ತಡ, ಅಷ್ಟನ್ನೂ ಸಿಂಕಿಗೆ ಸುರಿದು ನಲ್ಲಿ ಬಿಟ್ಟೆ. ಆಮೇಲೆ ಬ್ರೆಡ್ಡು ಬಂತು. ಹೆದರಿಕೆ ಇದ್ದಾಗ ಹೊಟ್ಟೆ ಖಾಲಿ ಇರಬಾರದಂತೆ. ಹೋದ ಸಲ ನಾನು ಪರದೆಯ ಹಿಂದೆ ವಾಂತಿ ಮಾಡಿಕೊಂಡದ್ದು ಮನೆಗೆಲ್ಲ ಗೊತ್ತಿರುವಾಗ, ನನ್ನ ಹೊಟ್ಟೆ ತುಂಬಿಸಲು ಇವಳಿಗೆ ಯಾಕಿಷ್ಟು ಅವಸರ? ಬ್ರೆಡ್ಡನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ನಾವಿಬ್ಬರೂ ಕೆಲಸ ಮಾಡುವುದು ಒಂದೇ ರಂಗಮಂದಿರದಲ್ಲಿ. ಅಕ್ಕ ಕೆಳಗೆ ಟಿಕೆಟ್ ಕೌಂಟರಿನಲ್ಲಿ, ನಾನು ಮೇಲೆ ವೇಷದ ಬಟ್ಟೆಗಳ ಕೋಣೆಯಲ್ಲಿ, ಹೊಲಿಗೆ ಮೆಷಿನ್ನಿನ ಮುಂದೆ. ಅಲ್ಲಿ ಹೊಸ ನಾಟಕವೊಂದಕ್ಕೆ ನಟಿಯರನ್ನು ಆರಿಸುವ ಆಡಿಷನ್ ಅವತ್ತು ಮಧ್ಯಾಹ್ನ ಇತ್ತು. ನಾಟಕದಲ್ಲಿ ಇಬ್ಬರೇ ಹೆಂಗಸರು: ಒಬ್ಬಳು ಮನೆಯ ಯಜಮಾನಿ, ಇನ್ನೊಬ್ಬಳು ಬೀಗದ ಕೈ ಕದ್ದ ಆರೋಪ ಹೊತ್ತ ಕೆಲಸದಾಕೆ. ಎಲ್ಲರ ಕಣ್ಣೂ ಇದ್ದದ್ದು ಕೆಲಸದಾಕೆಯ ಮೇಲೆ. ಅಕ್ಕನದೂ, ನನ್ನದೂ.

ನನಗೆ ಇದು ಕೊನೆಯ ಅವಕಾಶ. ಒಂದು ಸಲ ವಾಂತಿಯಾಯಿತು. ಇನ್ನೊಂದು ಸಲ ಬಾಯಿ ತೆರೆದು ನಿಂತವಳು, ತೆರೆದ ಬಾಯಲ್ಲೇ ವಾಪಸ್ ಬಂದೆ. ನಿರ್ದೇಶಕರು ಕರೆದು, “ಇನ್ನೊಂದೇ ಒಂದು ಸಲ ನೋಡ್ತೀನಮ್ಮ. ಅದೂ ಆಗ್ಲಿಲ್ಲ ಅಂದ್ರೆ ಹೊಲಿಗೆ ಕೆಲಸ ನೋಡ್ಕೊಂಡು ಸುಮ್ನಿರು, ನಮ್ಮಿಬ್ಬರ ಟೈಮೂ ಉಳಿಯುತ್ತೆ,” ಅಂದಿದ್ದರು. ಕೋಣೆಯಲ್ಲಿ ಒಬ್ಬಳೇ ಇದ್ದಾಗ ನಾನು ಯಾರಿಗೂ ಕಡಿಮೆಯಿಲ್ಲ. ಇಸ್ತ್ರಿಗಾಗಿ ನೇತುಹಾಕಿದ ಸೈನಿಕರ ಕೋಟುಗಳೆಲ್ಲ ನನ್ನ ಮಾತಿಗೆ ಸಾಕ್ಷಿ. ಆದರೆ ಎದುರಿಗೆ ಉಸಿರಾಡುವ ಮನುಷ್ಯರು ಕೂತರೆ ಸಾಕು, ಕೈಕಾಲು ತಣ್ಣಗಾಗುತ್ತದೆ, ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಳ್ಳುತ್ತದೆ.

ನನ್ನ ಕಲಿಕೆಯ ರೀತಿಯೂ ಬೇರೆ. ಪೆಡಲ್ ತುಳಿಯುತ್ತಾ ಮಾತು ಬಾಯಿಪಾಠ ಮಾಡುತ್ತೇನೆ. ಅರ್ಥ ಗಿರ್ಥ ಆಮೇಲೆ. ಮೊದಲು ಎದುರಿನವರ ಮಾತಿನ ಬಾಲ. ಆ ಬಾಲಕ್ಕೆ ನನ್ನ ಮಾತಿನ ತಲೆಯನ್ನು ಸೇರಿಸಿ ಹೊಲಿದುಬಿಟ್ಟರೆ ಮುಗಿಯಿತು. “ಹೇಗೆ ಬಂತು, ಹೇಳು” ಅಂತ ಯಜಮಾನಿ ಅಂದರೆ, “ನೀವೇ ಕೊಟ್ಟಿರಿ ಅಮ್ಮಾ, ನಿಮ್ಮ ಕೈಯಾರೆ ಕೊಟ್ಟಿರಿ” ಅಂತ ನನ್ನ ಬಾಯಿ ತಾನೇ ತೆರೆದುಕೊಳ್ಳುತ್ತದೆ. ಈ ಗುಟ್ಟು ಗೊತ್ತಿದ್ದದ್ದು ಅಕ್ಕನಿಗೆ ಮಾತ್ರ. ಮನೆಯಲ್ಲಿ ಬಟ್ಟೆ ಮಡಚುತ್ತಾ ಎಷ್ಟೋ ಸಲ ಅವಳೇ ನನಗೆ ಬಾಲ ಹಿಡಿದುಕೊಟ್ಟಿದ್ದಾಳೆ.

ಕೋಣೆಗೆ ಹೋದರೆ ಹಿರಿಯ ದರ್ಜಿ ಆಗಲೇ ಬಂದು ಕೂತಿದ್ದರು. ಅವರನ್ನು ಎಲ್ಲರೂ ಕರೆಯುವುದು ಗುಂಡುಸೂಜಿ ಅಂತ. ಸದಾ ತುಟಿಗಳ ನಡುವೆ ಪಿನ್ನು ಕಚ್ಚಿಕೊಂಡೇ ಮಾತಾಡುತ್ತಾರೆ. ಚುಚ್ಚುವುದಕ್ಕೆ ಮಾತ್ರ ಪಿನ್ನಿನ ಸಹಾಯ ಬೇಕಿಲ್ಲ.

“ನಿಮ್ಮಕ್ಕನ ಸಮಾಚಾರ ಗೊತ್ತಾಯ್ತಾ?” ಅಂದರು.

“ಏನು ಸರ್?”

“ಸರದಿ ಬದಲಾಯಿಸಿಕೊಂಡಿದ್ದಾಳೆ. ಮೊದಲು ಎಲ್ಲೋ ಮುಂದಿದ್ದಳು. ಈಗ ಸರಿಯಾಗಿ ನಿನ್ನ ಹಿಂದೆ.”

ನಮ್ಮ ನಿರ್ದೇಶಕರದು ಒಂದು ಪದ್ಧತಿಯಿದೆ. ಯಾರ ಸರದಿ ಬರುತ್ತದೋ ಅವರ ಎದುರಿನ ಪಾತ್ರದ ಮಾತನ್ನು, ಅವರ ನಂತರದ ಸರದಿಯವರೇ ಬಂದು ಓದಬೇಕು. ಇನ್ನೊಬ್ಬರಿಗೆ ಮಾತು ಎತ್ತಿಕೊಡಲು ಬಾರದವರು ತಮ್ಮ ಮಾತನ್ನು ಏನು ಆಡಿಯಾರು ಎಂಬುದು ಅವರ ವಾದ. ಅಂದರೆ ಯಜಮಾನಿಯಾಗಿ ನನ್ನ ಎದುರು ನಿಲ್ಲುವವಳು ನನ್ನಕ್ಕ. ನನ್ನ ಮಾತಿನ ಬಾಲಗಳೆಲ್ಲ ಅವಳ ಕೈಯಲ್ಲಿ.

“ನಾನೇನೂ ಹೇಳ್ತಿಲ್ಲಪ್ಪ,” ಅಂತ ಗುಂಡುಸೂಜಿ ಒಂದು ಪಿನ್ನನ್ನು ಕೋಟಿನ ತೋಳಿಗೆ ಚುಚ್ಚಿದರು. “ಆದ್ರೆ ಅವಳಿಗೆ ತಂಗಿ ಮೇಲೆ ಇಷ್ಟೊಂದು ಪ್ರೀತಿ ಯಾವಾಗಿಂದ ಉಕ್ತು ಅಂತ ಯೋಚನೆ ಮಾಡು.”

ತಲೆಗೆ ಹುಳ ಬಿಟ್ಟು ತಾವು ಆರಾಮಾಗಿ ಕಾಲರು ಹೊಲಿಯುತ್ತಾ ಕೂತರು. ನಾನು ನೇರವಾಗಿ ಮೆಟ್ಟಿಲಿಳಿದು ಹೋದೆ. ಅಕ್ಕ ಕೌಂಟರಿನ ಗಾಜು ಒರೆಸುತ್ತಿದ್ದಳು.

“ಸರದಿ ಯಾಕೆ ಬದಲಾಯಿಸಿಕೊಂಡೆ?”

“ಓ, ಹೇಳಿಬಿಟ್ಟರಾ?” ಅಂತ ನಕ್ಕಳು. “ಗೊತ್ತಿರೋ ಮುಖ ಎದುರಿಗಿದ್ರೆ ನಿನಗೆ ಧೈರ್ಯ ಅಂತ. ಬೇರೆ ಯಾರೋ ಬಂದು ತಬ್ಬಿಬ್ಬು ಮಾಡೋದು ಬೇಡ.”

“ನಾನು ಕೇಳಿದ್ನಾ?”

“ಎಲ್ಲಾನೂ ಕೇಳಿ ಮಾಡಕ್ಕಾಗುತ್ತಾ? ನೋಡು, ಕೂತಿರೋರ ಮುಖ ನೋಡ್ಬೇಡ. ಅವರ ಮೇಜಿನ ಮೇಲೆ ಕಾಫಿ ಫ್ಲಾಸ್ಕ್ ಇರುತ್ತೆ. ಅದರ ಮುಚ್ಚಳ ನೋಡ್ತಾ ಮಾತಾಡು, ಭಯ ಆಗಲ್ಲ.”

ಫ್ಲಾಸ್ಕಿನ ಮುಚ್ಚಳ ನೋಡುತ್ತಾ ನ್ಯಾಯ ಕೇಳುವ ಕೆಲಸದಾಕೆಯನ್ನು ಯಾವ ನಿರ್ದೇಶಕ ಆರಿಸುತ್ತಾನೆ? ಇವಳು ನನಗೆ ಟೋಪಿ ಹಾಕಲು ಎಷ್ಟು ದಿನದಿಂದ ತಯಾರಿ ಮಾಡಿದ್ದಾಳೋ ಅಂದುಕೊಂಡೆ. ಅವಳ ಕಣ್ಣಲ್ಲಿ ಏನಾದರೂ ಸಿಗುತ್ತದೆಯೇ ಅಂತ ಗಾಜಿನ ಮೂಲಕ ದಿಟ್ಟಿಸಿದೆ. ಏನೂ ಸಿಗಲಿಲ್ಲ, ಅದೇ ಇನ್ನಷ್ಟು ಅನುಮಾನಕ್ಕೆ ಕಾರಣವಾಯಿತು.

ನಮ್ಮನ್ನು ಕರೆದಾಗ ವೇದಿಕೆಯ ಮೇಲೆ ಒಂದೇ ಒಂದು ದೀಪ ಉರಿಯುತ್ತಿತ್ತು. ಎದುರಿನ ಸಾಲಿನಲ್ಲಿ ನಿರ್ದೇಶಕರು, ಅವರ ಪಕ್ಕದಲ್ಲಿ ಇನ್ನಿಬ್ಬರು, ನಡುವೆ ಅಕ್ಕ ಹೇಳಿದಂತೆಯೇ ಫ್ಲಾಸ್ಕು. ನಾನು ಬೇಕೆಂದೇ ಅತ್ತ ನೋಡಲಿಲ್ಲ. ನೋಡಲು ಪುರುಸೊತ್ತಾದರೂ ಎಲ್ಲಿತ್ತು? ನನ್ನ ಕಣ್ಣು ಅಕ್ಕನ ಬಾಯಿಯ ಮೇಲೇ ನೆಟ್ಟಿತ್ತು. ಎಲ್ಲಿ ನುಂಗುತ್ತಾಳೆ, ಎಲ್ಲಿ ತಿರುಚುತ್ತಾಳೆ, ಎಲ್ಲಿ ಬೇಕೆಂದೇ ಸಣ್ಣ ದನಿ ಮಾಡುತ್ತಾಳೆ ಅಂತ ಬೆಕ್ಕಿನ ಹಾಗೆ ಕಾದೆ.

ಅಕ್ಕ ಹಾಳೆ ಹಿಡಿದು ಮೊದಲ ಮಾತು ಆಡಿದಳು. ಸ್ಪಷ್ಟವಾಗಿತ್ತು. ನನ್ನ ಮಾತು ಬಂತು. ಅವಳದು, ನನ್ನದು, ಮತ್ತೆ ಅವಳದು. ಒಂದು ಅಕ್ಷರವೂ ಆಚೀಚೆ ಇಲ್ಲ. ಅರ್ಧ ದೃಶ್ಯ ಕಳೆದ ಮೇಲೆ ನನಗೆ ಹೊಳೆಯಿತು, ನನ್ನ ಕೈ ತಣ್ಣಗಾಗಿರಲಿಲ್ಲ. ಅಕ್ಕನನ್ನು ಕಾಯುವ ಗಡಿಬಿಡಿಯಲ್ಲಿ ಹೆದರುವುದನ್ನೇ ಮರೆತಿದ್ದೆ. ಯಜಮಾನಿಯ ಮುಖದಿಂದ ಕಣ್ಣು ಕೀಳದ ಕೆಲಸದಾಕೆ ನಿರ್ದೇಶಕರಿಗೆ ಹಿಡಿಸಿರಬೇಕು. ಮುಂದಕ್ಕೆ ಬಾಗಿ ಕೂತದ್ದು ಓರೆಗಣ್ಣಿಗೆ ಕಂಡಿತು. ಎಷ್ಟು ಖುಷಿಯಾಯಿತೆಂದರೆ, ಅಳು ಬರುವಷ್ಟು.

ಇನ್ನು ದೊಡ್ಡ ಮಾತೊಂದೇ ಬಾಕಿ. ಅದಕ್ಕೆ ಅಕ್ಕ “ಬೀಗದ ಕೈ ನಿನ್ನ ಹತ್ತಿರ ಹೇಗೆ ಬಂತು, ಹೇಳು” ಅನ್ನಬೇಕು. ಅವಳು ಅನ್ನಲಿಲ್ಲ. ಹಾಳೆಯನ್ನು ಕೆಳಗಿಳಿಸಿದಳು, ನನ್ನನ್ನೇ ನೋಡಿದಳು.

“ನೀನು ಕಳ್ಳಿ ಅಂತ ನನಗೆ ಮೊದಲಿಂದಲೂ ಗೊತ್ತಿತ್ತು.”

ನಾಟಕದಲ್ಲಿ ಅಂಥ ಮಾತೇ ಇಲ್ಲ. ಹಿಡಿಯಲು ಬಾಲವಿಲ್ಲದೆ ನನ್ನ ತಲೆ ಬರಿದಾಯಿತು. ತೆರೆದ ಬಾಯಿ ತೆರೆದೇ ಇತ್ತು. ಹಳೆಯ ಕಥೆಯೇ ಮರುಕಳಿಸಿತು ಅಂದುಕೊಳ್ಳುವಷ್ಟರಲ್ಲಿ ಸಿಟ್ಟು ನೆತ್ತಿಗೇರಿತು. ಬೆಳಿಗ್ಗೆಯಿಂದ ನಾನು ಕಾಯುತ್ತಿದ್ದದ್ದು ಇದನ್ನೇ ಅಲ್ಲವೇ?

“ಕಳ್ಳಿ? ನಾನಾ?” ಅಂದೆ. ದನಿ ಎಷ್ಟು ಜೋರಾಗಿತ್ತೆಂದರೆ ನಾನೇ ಬೆಚ್ಚಿದೆ. “ಕೊಟ್ಟವರು ನೀವು! ನಿಮ್ಮ ಕೈಯಾರೆ ಕೊಟ್ಟು, ಈಗ ಊರಿನ ಮುಂದೆ ನನ್ನನ್ನ ಕಳ್ಳಿ ಅಂತೀರಾ?”

ಆಮೇಲೆ ಮಾತು ನಿಲ್ಲಲಿಲ್ಲ. ನಾಟಕದ್ದೆಷ್ಟೋ ನನ್ನದೆಷ್ಟೋ, ಎಲ್ಲ ಕಲಸಿಕೊಂಡು ಹೊರಬಂತು. ಮುಗಿದಾಗ ಏದುಸಿರು ಬಿಡುತ್ತಿದ್ದೆ.

“ಆ ಕಳ್ಳಿ ಅನ್ನೋ ಮಾತು ಎಲ್ಲಿತ್ತಮ್ಮ?” ಅಂತ ನಿರ್ದೇಶಕರು ಅಕ್ಕನನ್ನು ಕೇಳಿದರು.

“ಬಾಯಿ ತಪ್ಪಿ ಬಂತು ಸರ್,” ಅಂದಳು ಅಕ್ಕ, ತಲೆ ತಗ್ಗಿಸಿ. ಆಮೇಲೆ ಅವಳ ಸರದಿ. ಹೇಳಬೇಕಾದ್ದನ್ನು ಹೇಗೋ ಹೇಳಿ ಮುಗಿಸಿ, ನನ್ನ ಕಡೆ ನೋಡದೆ ಕೆಳಗೆ ಹೊರಟುಹೋದಳು.

ಎಲ್ಲರದೂ ಮುಗಿದ ಮೇಲೆ ನಿರ್ದೇಶಕರು ನನ್ನನ್ನು ಕರೆಸಿದರು. “ಕೆಲಸದಾಕೆ ನೀನೇ. ಯಜಮಾನಿ ನಿಮ್ಮಕ್ಕ. ನೀವಿಬ್ಬರೂ ಒಟ್ಟಿಗೆ ನಿಂತ್ರೆನೇ ಈ ನಾಟಕ. ಆ ಮಾತನ್ನೂ ಇಟ್ಕೊಳ್ಳೋಣ. ಹೋಗು, ಅವಳಿಗೂ ಹೇಳು.”

ನನಗೆ ನೆಲ ಕಾಣಲಿಲ್ಲ. ಓಡುವಾಗ ಎಲ್ಲ ಅರ್ಥವಾಯಿತು ಅನ್ನಿಸಿತು. ನನ್ನ ಹೆದರಿಕೆಗೆ ಸಿಟ್ಟೇ ಮದ್ದು ಅಂತ ಅಕ್ಕನಿಗೆ ಗೊತ್ತಿತ್ತು. ಬೇಕೆಂದೇ ಕೆಣಕಿದಳು. ಅಂಥವಳ ಮೇಲೆ ಬೆಳಗಿನಿಂದ ಕತ್ತಿ ಮಸೆದೆನಲ್ಲ, ನನ್ನಂಥ ನೀಚಳು ಬೇರೆ ಯಾರಿದ್ದಾರೆ? ಕೌಂಟರಿನ ಗಾಜಿಗೆ ಮುಖ ಒತ್ತಿ, ಟಿಕೆಟ್ ಕೊಡುವ ಕಿಂಡಿಯಲ್ಲಿ ಕೈ ತೂರಿಸಿ ಅವಳ ಕೈ ಹಿಡಿದೆ.

“ಅಕ್ಕಾ, ಸಿಕ್ತು ಕಣೇ! ನಿನ್ನಿಂದಾನೇ. ನಾನು ನಿನ್ನ ಮೇಲೆ ಅನುಮಾನ ಪಟ್ಟೆ, ನೀನು ಕೊಟ್ಟ ನೀರೂ ಕುಡೀಲಿಲ್ಲ. ತಪ್ಪಾಯ್ತು. ನನಗೋಸ್ಕರ ಆ ಮಾತು ಎಲ್ಲಿಂದ ಹುಡುಕಿದೆಯೇ?”

ಅಕ್ಕ ಕೈ ಬಿಡಿಸಿಕೊಂಡಳು.

“ನಿನಗೋಸ್ಕರ ಅಲ್ಲ ಅದು.”

“ಅಂದ್ರೆ?”

“ನೀರು ನಿನಗೋಸ್ಕರ. ಸರದಿ ನಿನಗೋಸ್ಕರ. ಅದರಲ್ಲಿ ಮೋಸ ಇರ್ಲಿಲ್ಲ. ನೀನು ಈ ಸಲಾನೂ ಬಾಯಿ ಕಟ್ಕೊಂಡು ನಿಲ್ತೀಯ ಅಂದ್ಕೊಂಡಿದ್ದೆ. ಪಾಪ ಅನ್ನಿಸ್ತಿತ್ತು.” ಅವಳು ಒರೆಸಿದ ಗಾಜನ್ನೇ ಮತ್ತೆ ಒರೆಸಿದಳು. “ಪಾಪ ಅನ್ನಿಸೋವರೆಗೂ ಒಳ್ಳೆಯವಳಾಗಿರೋದು ಸುಲಭ. ಅಲ್ಲಿ ನೋಡಿದ್ರೆ ನೀನು ನನಗಿಂತ ಚೆನ್ನಾಗಿ ಮಾಡ್ತಿದ್ದೆ. ಈ ನಾಟಕದ ಸುದ್ದಿ ಮೊದಲು ಮನೆಗೆ ತಂದೋಳು ನಾನು. ಆ ಪಾತ್ರ ನನಗೆ ಬೇಕು ಅಂತ ನಿನ್ನ ಹತ್ರಾನೇ ಹೇಳಿದ್ದೆ. ಅದು ಕಣ್ಣೆದುರಿಗೇ ಹೋಗ್ತಾ ಇತ್ತು. ನೀನು ಬಾಲ ಹಿಡ್ಕೊಂಡು ಕಲಿಯೋದು ಗೊತ್ತಲ್ಲ ನನಗೆ. ಕತ್ತರಿಸಿದೆ.”

ಅವಳ ಮೋಸವನ್ನು ಬೆಳಗಿನಿಂದ ಇಲ್ಲದ ಕಡೆಯಲ್ಲೆಲ್ಲ ಹುಡುಕಿದ್ದೆ. ಈಗ ಅವಳೇ ತಂದು ಕೈಗಿಟ್ಟಳು, ನನಗೆ ಅದು ಬೇಡವಾಗಿತ್ತು. ಸುಳ್ಳಾದರೂ ಹೇಳಬಾರದಿತ್ತೇ ಅಂತ ಸಂಕಟವಾಯಿತು.

“ನನ್ನ ಬಗ್ಗೆ ಏನಾದ್ರೂ ಅಂದ್ರಾ?” ಅಂತ ಅಕ್ಕ ಮೆಲ್ಲಗೆ ಕೇಳಿದಳು.

“ಇಲ್ಲ,” ಅಂದೆ. “ಏನೂ ಅನ್ನಲಿಲ್ಲ.”

ದನಿ ಒಂದಿಷ್ಟೂ ನಡುಗಲಿಲ್ಲ. ಅಷ್ಟು ಸಲೀಸಾಗಿ ನಾನು ಯಾವ ವೇದಿಕೆಯ ಮೇಲೂ ಮಾತಾಡಿದವಳಲ್ಲ. ಅಕ್ಕ ಒಂದೇ ಮಾತಿಗೆ ನಂಬಿದಳು. ನನ್ನ ಮುಖವನ್ನೂ ನೋಡಲಿಲ್ಲ, ಮರುಪ್ರಶ್ನೆಯನ್ನೂ ಹಾಕಲಿಲ್ಲ. “ಸರಿ ಬಿಡು, ನನಗೆ ಹಾಗೇ ಆಗ್ಬೇಕು,” ಅಂತ ತಲೆಯಾಡಿಸಿ ಮೂಗೊರೆಸಿಕೊಂಡಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ, ನನ್ನನ್ನು ಅನುಮಾನಿಸುವುದು ಅವಳಿಗೆ ಬರುವುದಿಲ್ಲ ಅಂತ ನನಗೆ ಗೊತ್ತೇ ಇರಲಿಲ್ಲ.

“ಸುಳ್ಳು ಹೇಳಿದೆ ಅಕ್ಕಾ,” ಅಂದೆ. “ಯಜಮಾನಿ ಪಾತ್ರ ನಿನಗೇ. ಇಬ್ಬರೂ ಬೇಕಂತೆ. ಆ ಮಾತೂ ನಾಟಕದಲ್ಲಿ ಇರುತ್ತಂತೆ.”

ಅಕ್ಕ ತಲೆಯೆತ್ತಿದಳು. ಖುಷಿಪಡುತ್ತಾಳೆ, ಇಲ್ಲವೇ ಅಳುತ್ತಾಳೆ ಅಂತ ಕಾದೆ. ಅವಳು ಎರಡನ್ನೂ ಮಾಡಲಿಲ್ಲ. ಗಾಜಿನ ಆಚೆಯಿಂದ ನನ್ನ ಕಣ್ಣು, ಬಾಯಿ, ಮತ್ತೆ ಕಣ್ಣು ನೋಡಿದಳು.

“ನಿಜಾನಾ?”

“ನಿಜ ಅಕ್ಕ. ನಿನ್ನಾಣೆ.”

“ಆಗಲೂ ಹೀಗೇ ಅಂದ್ಯಲ್ಲ,” ಅಂದಳು. ಆಮೇಲೆ ಎದ್ದು, ಕೌಂಟರಿಗೆ ಬೀಗ ಹಾಕಿ, ನಿರ್ದೇಶಕರನ್ನೇ ಕೇಳಿಕೊಂಡು ಬರಲು ಮೆಟ್ಟಿಲು ಹತ್ತಿ ಹೋದಳು.